ಸಹಿಸಬೇಕಾದ ನೋವಲ್ಲ

‘ಮುಟ್ಟಿನ ಹೊಟ್ಟೆನೋವು ಎಲ್ಲರಿಗೂ ಇದ್ದದ್ದೇ’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಆದರೆ ತಿಂಗಳು ತಿಂಗಳೂ ಶಾಲೆ ತಪ್ಪಿಸುವಂಥ ನೋವು ಸಹಜವಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯ, ಕಿಬ್ಬೊಟ್ಟೆಗಳಲ್ಲಿ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇದಕ್ಕೆ ಕಾರಣವಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಈ ಕಾಯಿಲೆಯಿದೆ. ಎಷ್ಟೋ ಸಲ ಇದು ಪತ್ತೆಯಾಗುವುದು ಮದುವೆಯಾಗಿ, ಬಸಿರು ನಿಲ್ಲದೆ ವೈದ್ಯರ ಬಳಿ ಹೋದಾಗಲೇ.

ಗರ್ಭನಾಳದ ಕ್ಷಯವೂ ಕಿಬ್ಬೊಟ್ಟೆ ನೋವು, ಬಂಜೆತನ ತರಬಲ್ಲದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧಿ ಉಚಿತ.

ನೋವಿಲ್ಲದ ದಂಪತಿ ಮಗುವಿಗಾಗಿ ಒಂದು ವರ್ಷ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಕಾದು ನೋಡಬಹುದು. ನೋವಿದ್ದರೆ ಕಾಯುವುದು ಬೇಡ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು, ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಿದೆ. ನೋವು ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಯ್ದರೆ ವೈದ್ಯರಿಗೆ ಅನುಕೂಲ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಕಾಯಿಲೆ ಇಲ್ಲವೆನ್ನಲಾಗದು. ಕೆಲವರಿಗೆ ಲ್ಯಾಪ್ರೊಸ್ಕೋಪಿ ಬೇಕಾಗುತ್ತದೆ. ಗಂಡನ ವೀರ್ಯ ಪರೀಕ್ಷೆಯೂ ಜೊತೆಗೇ ಆಗಬೇಕು. ಸೊಸೆಯೊಬ್ಬಳನ್ನೇ ದೂರುವುದು ತರವಲ್ಲ.

ಎಂಡೊಮೆಟ್ರಿಯೋಸಿಸ್ ಇದ್ದವರಲ್ಲೂ ಅನೇಕರು ತಾಯಂದಿರಾಗುತ್ತಾರೆ. ಮಗಳು ನೋವೆಂದಾಗ ತಂದೆ ತಾಯಿ ನಂಬಬೇಕು, ಅಷ್ಟೇ.