ಗ್ಯಾಸ್ಕೆಟ್‌ಗೆ ಹದಿನೆಂಟು ಸಾವಿರ, ಕೂಲೆಂಟ್‌ಗೆ ಟ್ಯಾಂಕರ್ ನೀರು

‘ಅಕ್ಕಾರ, ಪುಣೇದಾಗ ಏನ್ ಬರ್ಫ ಬೀಳ್ತದೇನ್ರಿ? ಕೂಲೆಂಟಿಗೆ ಯಾಕ ರೊಕ್ಕ ಸುರೀತೀರಿ? ನೀರ ಹಾಕಿ ಕೊಡ್ತೀನಿ, ಆರಾಮ ಓಡ್ತದ.’

ನನ್ನ ಕಾರಿನ ಹೆಡ್ ಗ್ಯಾಸ್ಕೆಟ್ ಬದಲಿಸಿದ ಮಿಸ್ತ್ರಿಯ ಮಾತಿದು. ಇಂಡಿ ತಾಲ್ಲೂಕಿನವನು, ಗ್ಯಾರೇಜು ಇಲ್ಲಿ ಸಿಂಹಗಡ ರಸ್ತೆಯ ಕಡೆ. ಕೈಗೆಲಸ ಅಚ್ಚುಕಟ್ಟು. ಹೆಡ್ಡನ್ನು ಲೇತಿನವನ ಹತ್ತಿರ ಫೇಸಿಂಗ್ ಮಾಡಿಸಿ ತಂದ, ಹಳೆಯ ಬೋಲ್ಟುಗಳನ್ನು ಎಸೆದು ಹೊಸದನ್ನೇ ಹಾಕಿದ, ಟಾರ್ಕ್ ವ್ರೆಂಚ್ ಹಿಡಿದು ನಡುವಿನಿಂದ ಅಂಚಿನ ಕಡೆಗೆ ಒಂದೊಂದಾಗಿ ಬಿಗಿದ. ಹದಿನೆಂಟು ಸಾವಿರ ಎಣಿಸಿಕೊಳ್ಳುವಷ್ಟು ಕೆಲಸ ಮಾಡಿದ್ದ, ನಾನೂ ಚೌಕಾಸಿ ಮಾಡಲಿಲ್ಲ. ಇಷ್ಟೆಲ್ಲ ಆದಮೇಲೆ ಅದೇ ಮನುಷ್ಯ ಅಂಗಳ ತೊಳೆಯುವ ಪೈಪನ್ನು ಎಳೆದು ತಂದು ರೇಡಿಯೇಟರಿನ ಬಾಯಿಗೆ ಇಟ್ಟ. ನೀರು ಎಲ್ಲಿಯದು ಎಂದು ಕೇಳಿದೆ. ಟ್ಯಾಂಕರಿನದು.

ನಾನು ಧಾರವಾಡದವಳು. ಪುಣೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ವಾದ ಮಾಡುವುದು ವೃತ್ತಿಯಿಂದ ಬಂದ ಚಟ. ಆದರೆ ಈ ಮಿಸ್ತ್ರಿಯ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲು ಒಪ್ಪಿಕೊಳ್ಳಬೇಕು. ಪುಣೆಯಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1.7 ಡಿಗ್ರಿ, ಅದೂ 1935ರ ಜನವರಿಯಲ್ಲಿ. ನಮ್ಮ ರೇಡಿಯೇಟರಿನಲ್ಲಿ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುವ ಭಯವೇ ಇಲ್ಲ. ಹಿಂಜವಡಿಯ ಐಟಿ ಹುಡುಗರು ಲಡಾಖ್‌ಗೆ ಕಾರು ಒಯ್ಯುವುದಿದ್ದರೆ ಆ ಮಾತು ಬೇರೆ. ಅಂಥವರಿಗೆ ಕೂಲೆಂಟಿನ ಮೂಲದ್ರವ್ಯವಾದ ಗ್ಲೈಕಾಲ್ ಮತ್ತು ನೀರು ಅರ್ಧಕ್ಕರ್ಧ ಇರಬೇಕು, ಅದು ಮೈನಸ್ 37 ಡಿಗ್ರಿಯವರೆಗೆ ಕಾಯುತ್ತದೆ.

ಕುದಿಯುವ ವಿಷಯದಲ್ಲೂ ಅವನು ಅರ್ಧ ಸರಿ. ಸುಮಾರು 560 ಮೀಟರ್ ಎತ್ತರದ ಈ ಊರಿನಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ ಕೆಲಸ ಮಾಡುವುದೇ 90ರ ಆಸುಪಾಸು. ಅರ್ಧ ಗ್ಲೈಕಾಲ್ ಸೇರಿಸಿದರೆ ಕುದಿಯುವ ಬಿಂದು ಏಳೆಂಟು ಡಿಗ್ರಿ ಮೇಲೇರುತ್ತದೆ, ಅಷ್ಟೆ. ಅದೇ ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಇಪ್ಪತ್ತು ಡಿಗ್ರಿಯಷ್ಟು ಏರಿಸಿಬಿಡುತ್ತದೆ. ಗ್ಯಾಸ್ಕೆಟ್ ಮಾಡಿಸಿದವರು ಮುಚ್ಚಳವನ್ನೂ ಹೊಸದು ಹಾಕಿಸುವುದು ಒಳ್ಳೆಯದು. ಬಿಲ್ಲಿನಲ್ಲಿ ಅತಿ ಅಗ್ಗದ ಸಾಮಾನು ಅದೇ, ಮಾಡುವ ಕೆಲಸ ಮಾತ್ರ ದೊಡ್ಡದು.

ಹಾಗಾದರೆ ಕೂಲೆಂಟ್ ಯಾಕೆ? ತುಕ್ಕಿಗಾಗಿ. ಪುಣೆಯಂಥ ಊರಿನಲ್ಲಿ ಅದರ ಮುಖ್ಯ ಕೆಲಸವೇ ಅದು, ಮಿಸ್ತ್ರಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದೂ ಅದನ್ನೇ.

ಹಳೆಯ ಅಂಬಾಸಿಡರಿನ ಹೆಡ್ಡೂ ಬೀಡುಕಬ್ಬಿಣ, ಬ್ಲಾಕೂ ಬೀಡುಕಬ್ಬಿಣ. ನಲ್ಲಿ ನೀರು ಕುಡಿದು, ತುಕ್ಕು ಕಾರಿ, ಹೇಗೋ ಬದುಕಿಕೊಂಡವು. ನಮ್ಮ ಮಿಸ್ತ್ರಿಗಳು ಕಲಿತದ್ದು ಆ ಕಾಲದ ಗಾಡಿಗಳ ಮೇಲೆ ಪಳಗಿದ ಉಸ್ತಾದರಿಂದ. ಗಾಡಿ ಬದಲಾಯಿತು, ಪಾಠ ಬದಲಾಗಲಿಲ್ಲ. ಈಗಿನ ಕಾರಿನ ಹೆಡ್ ಅಲ್ಯೂಮಿನಿಯಮ್. ಬ್ಲಾಕ್ ಎಷ್ಟೋ ಕಾರುಗಳಲ್ಲಿ ಇಂದಿಗೂ ಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಮ್ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಎರಡರ ನಡುವೆ ಸಿಕ್ಕಿಕೊಂಡದ್ದು ಗ್ಯಾಸ್ಕೆಟ್. ಎರಡು ಲೋಹ, ನಡುವೆ ಲವಣದ ನೀರು: ಪಿಯುಸಿ ಹುಡುಗರಿಗೂ ಗೊತ್ತು, ಅದೊಂದು ಬ್ಯಾಟರಿ. ಅಲ್ಯೂಮಿನಿಯಮ್ ಕರಗುತ್ತದೆ, ನೀರಿನ ದಾರಿಯ ಅಂಚು ತಿಂದುಹೋಗುತ್ತದೆ, ಕೆಸರು ಹೋಗಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ, ಒಂದು ದಿನ ಇಂಜಿನ್ ಹೀಟ್ ಆಗಿ ಹೆಡ್ ಡೊಂಕಾಗುತ್ತದೆ.

ನನ್ನ ಕಾರಿಗೆ ಆದದ್ದೂ ಹೀಗೆಯೇ. ಸೆಕೆಂಡ್ ಹ್ಯಾಂಡ್ ಗಾಡಿ, ಹಿಂದಿನವರು ಬರೀ ನೀರಿನಲ್ಲೇ ಓಡಿಸಿದ್ದರು. ಮೇ ತಿಂಗಳಲ್ಲಿ ಧಾರವಾಡಕ್ಕೆ ಹೊರಟಾಗ ಖಂಬಾಟ್ಕಿ ಘಾಟಿನ ಏರಿನಲ್ಲಿ ಮುಳ್ಳು ಕೆಂಪಿಗೆ ಹೋಯಿತು. ಆಮೇಲೆ ಬಿಳಿ ಹೊಗೆ, ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ನೊರೆ. ಗ್ಯಾರೇಜಿನಲ್ಲಿ ರೇಡಿಯೇಟರಿನ ಟ್ಯಾಂಕ್ ಬಿಚ್ಚಿದಾಗ ಕೊಳವೆಗಳ ಬಾಯಲ್ಲಿ ಇಟ್ಟಿಗೆ ಬಣ್ಣದ ಕೆಸರು, ಅದನ್ನು ಕೆರೆದರೆ ಕೆಳಗೆ ಬಿಳಿ ಹೊಪ್ಪಳಿಕೆ. ಪಕ್ಕದ ಚಹಾದಂಗಡಿಯಿಂದ ನಿಂಬೆಹಣ್ಣು ತರಿಸಿ ಅದರ ಮೇಲೆ ಹಿಂಡಿದೆ. ಸಣ್ಣಗೆ ನೊರೆ ಎದ್ದಿತು. ಗೀಸರಿನ ಕಾಯಿಲ್ ಮೇಲೆ ಕೂರುವ ಅದೇ ಸುಣ್ಣ. ಮಿಸ್ತ್ರಿ ಬಗ್ಗಿ ನೋಡಿ, ‘ಹೌದಲ್ರೀ ಅಕ್ಕಾರ’ ಎಂದ. ಇಷ್ಟು ಕಣ್ಣಾರೆ ಕಂಡವನೇ ಕೊನೆಗೆ ಟ್ಯಾಂಕರ್ ನೀರಿನ ಪೈಪ್ ಎಳೆದದ್ದು! ಅವನೊಬ್ಬನನ್ನೇ ದೂರುವುದೂ ನ್ಯಾಯವಲ್ಲ. ನೀರು ಹಾಕಿ ಕೊಡಿ ಎಂದು ಕೇಳುವ ಗಿರಾಕಿಗಳೇ ಹೆಚ್ಚು.

ಪುಣೆಯ ಅಂಚಿನ ಬಡಾವಣೆಗಳಲ್ಲಿ ಬೋರ್‌ವೆಲ್ಲು, ಟ್ಯಾಂಕರುಗಳೇ ಗತಿ. ಆ ಗಡಸು ನೀರಿಗೆ ಒಳ್ಳೆಯ ಕೂಲೆಂಟ್ ಬೆರೆಸಿದರೂ ಅದು ಹಾಳಾಗುತ್ತದೆ. ಜಪಾನ್, ಕೊರಿಯಾ ಮೂಲದ ಕಂಪನಿಗಳು ಸಾಮಾನ್ಯವಾಗಿ ಹೇಳುವುದು ಫಾಸ್ಫೇಟ್ ಇರುವ ಕೂಲೆಂಟ್. ನೀರಿನ ಕ್ಯಾಲ್ಸಿಯಮ್ ಸಿಕ್ಕರೆ ಫಾಸ್ಫೇಟ್ ಸುಮ್ಮನಿರುವುದಿಲ್ಲ, ಎರಡೂ ಸೇರಿ ಕಲ್ಲಾಗಿ ಕೂರುತ್ತವೆ. ಯುರೋಪಿನ ನೀರು ಗಡಸು. ಅದಕ್ಕೇ ಅಲ್ಲಿನ ಕಂಪನಿಗಳು ಫಾಸ್ಫೇಟ್ ಬಿಟ್ಟು ಸಿಲಿಕೇಟ್ ಹಿಡಿದವು. ಇತ್ತ ಚಾಕಣದಲ್ಲಿ ಜರ್ಮನ್ ಕಂಪನಿಯ ಕಾರು ತಯಾರಾಗುತ್ತದೆ, ಅದೇ ಊರಿನ ರಸ್ತೆಯಲ್ಲಿ ಜಪಾನಿನದು, ಕೊರಿಯಾದ್ದು, ನಮ್ಮದೇ ಟಾಟಾ, ಮಹೀಂದ್ರಾ ಎಲ್ಲವೂ ಓಡುತ್ತವೆ. ಗ್ಯಾರೇಜಿನ ಮೂಲೆಯಲ್ಲಿ ಇರುವುದು ಮಾತ್ರ ಒಂದೇ ಹಸಿರು ಕ್ಯಾನು.

‘ಹಸಿರು ಹಾಕಲೋ ಕೆಂಪು ಹಾಕಲೋ’ ಎಂದು ಕೇಳುವ ಗ್ಯಾರೇಜಿನವನಿಗೆ ನನ್ನ ಉತ್ತರ: ಬಣ್ಣವನ್ನು ಕೇಳಬೇಡ. ಅದು ಬರೀ ಡೈ. ಯಾವ ಬಣ್ಣಕ್ಕೆ ಯಾವ ರಸಾಯನ ಎಂದು ಎಲ್ಲ ಕಂಪನಿಗಳೂ ಒಪ್ಪಿದ ಕಟ್ಟಳೆ ಇಲ್ಲ. ಒಬ್ಬರ ಕೆಂಪು ಇನ್ನೊಬ್ಬರ ಹಸಿರಿಗೆ ಸಮ ಇರಬಹುದು, ಇಬ್ಬರ ಹಸಿರೂ ಬೇರೆ ಬೇರೆ ಇರಬಹುದು. ಸಿಲಿಕೇಟ್‌ನಂಥ ಲವಣಗಳ ಹಳೆಯ ತರಹದ್ದು ಲೋಹದ ಮೇಲೆಲ್ಲ ಒಂದು ಪದರ ಹಾಸುತ್ತದೆ, ಎರಡು ವರ್ಷಕ್ಕೆಲ್ಲ ಸವೆದುಹೋಗುತ್ತದೆ. ಸಾವಯವ ಆಮ್ಲಗಳದ್ದು ತುಕ್ಕು ಶುರುವಾಗುವ ಜಾಗಕ್ಕಷ್ಟೇ ಹೋಗಿ ಅಂಟುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಎರಡನ್ನೂ ಬೆರೆಸಿದರೆ ಬಾಳಿಕೆ ಕುಗ್ಗುತ್ತದೆ, ಕೆಲವು ಜೋಡಿಗಳಲ್ಲಿ ಲೋಳೆಗಟ್ಟುವುದೂ ಉಂಟು. ನಿಮ್ಮ ಕಾರಿಗೆ ಯಾವುದು ಎಂಬುದು ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಇಟ್ಟಿರುವ ಕೈಪಿಡಿಯಲ್ಲಿದೆ. ಕ್ಯಾನಿನ ಮೇಲೆ ಐಎಸ್ 5759, ಜೆಐಎಸ್ ಕೆ 2234 ಎಂಬಂಥ ಮಾನಕದ ಸಂಖ್ಯೆ ಇದ್ದರೆ ಅಷ್ಟರಮಟ್ಟಿಗೆ ಭರವಸೆ. ಆದರೂ ಕೊನೆಯ ಮಾತು ಕೈಪಿಡಿಯದೇ.

ಆ ಹಸಿರು ಕ್ಯಾನಿನಿಂದ ಒಂದು ಬಾಟಲಿ ಮನೆಗೆ ತಂದೆ. ಮೇಲೆ ಆ್ಯಂಟಿಫ್ರೀಜ್ ಎಂದು ದಪ್ಪ ಅಕ್ಷರ, ಮಂಜುಬೆಟ್ಟದ ಚಿತ್ರ; ಎಷ್ಟು ಗ್ಲೈಕಾಲ್ ಎಂಬುದಕ್ಕೆ ಸೊಲ್ಲಿಲ್ಲ. ಬೆರಳಿಗೆ ಹಚ್ಚಿಕೊಂಡರೆ ಜಿಡ್ಡೂ ಇಲ್ಲ. ಕಾಲೇಜು ಬಿಡುವಾಗ ನನ್ನ ಸ್ವಂತದ್ದೆಂದು ತಂದುಕೊಂಡ ಹೈಡ್ರೋಮೀಟರ್ ಇತ್ತು. ಎತ್ತರದ ಲೋಟಕ್ಕೆ ಆ ದ್ರವ ಸುರಿದು, ಹೈಡ್ರೋಮೀಟರಿನ ಕಡ್ಡಿಯನ್ನು ಅದರಲ್ಲಿ ಬಿಟ್ಟೆ. ಅರ್ಧಕ್ಕರ್ಧ ಗ್ಲೈಕಾಲ್ ಇದ್ದರೆ 1.07ರ ಹತ್ತಿರ ನಿಲ್ಲಬೇಕು. ಮೂರನೇ ಒಂದು ಭಾಗ ಇದ್ದರೂ 1.04 ದಾಟಬೇಕು. ಕಡ್ಡಿ ಬರೀ ನೀರಿನಲ್ಲಿ ಮುಳುಗುವಷ್ಟೇ ಮುಳುಗಿ, 1.00ರ ಗೆರೆಗಿಂತ ಕೂದಲೆಳೆ ಮೇಲೆ ನಿಂತಿತು. ಬಣ್ಣದ ನೀರು! ಪಕ್ಕದಲ್ಲೇ ಕಂಪನಿ ಶೋರೂಮಿನಿಂದ ತಂದ, ನೀರು ಬೆರೆಸದ ಕೂಲೆಂಟ್ ಕಾನ್ಸಂಟ್ರೇಟನ್ನು ಬ್ಯಾಟರಿ ನೀರಿನಲ್ಲಿ ಅರ್ಧಕ್ಕರ್ಧ ಕಲಸಿಟ್ಟಿದ್ದೆ. ಅದರಲ್ಲಿ ಕಡ್ಡಿ ಎತ್ತರಕ್ಕೆ ತೇಲಿತು. ಆ ಎರಡು ಲೋಟಗಳನ್ನು ಹಾಗೆಯೇ ಗ್ಯಾರೇಜಿಗೆ ಒಯ್ದು ತೋರಿಸಿದೆ. ಆ ಮೇಲೆ ವಾದ ನಡೆಯಲಿಲ್ಲ.

ಈಗ ಒಂದು ಸಣ್ಣ ಲೆಕ್ಕ. ತಿಳಿದವರೂ ಇಲ್ಲಿ ಎಡವುತ್ತಾರೆ. ಗ್ಯಾಸ್ಕೆಟ್ ಹೋದಾಗ ಆಯಿಲ್ ನೀರಿಗೆ ಸೇರಿರುತ್ತದೆ, ಹಾಗಾಗಿ ಹೊಸ ಗ್ಯಾಸ್ಕೆಟ್ ಕೂರಿಸಿದ ಮೇಲೆ ನೀರು ಹಾಕಿ ಇಂಜಿನ್ ಓಡಿಸಿ, ಚೆಲ್ಲಿ, ಮತ್ತೆ ಹಾಕಿ ತೊಳೆಯಲೇಬೇಕು. ಸಣ್ಣ ಕಾರಿನಲ್ಲಿ ಒಟ್ಟು ನಾಲ್ಕು ಲೀಟರ್ ಹಿಡಿಯುತ್ತದೆ ಎನ್ನಿ. ರೇಡಿಯೇಟರಿನ ತೂಬು ಬಿಚ್ಚಿದರೆ ಹೊರಗೆ ಬರುವುದು ಎರಡೂವರೆ ಲೀಟರ್. ಉಳಿದ ಒಂದೂವರೆ ಲೀಟರ್ ಬರೀ ನೀರು ಬ್ಲಾಕಿನಲ್ಲೂ ಹೀಟರಿನಲ್ಲೂ ಕೂತಿರುತ್ತದೆ. ಅದರ ಮೇಲೆ ಅರ್ಧಕ್ಕರ್ಧದ ರೆಡಿಮಿಕ್ಸ್ ಎರಡೂವರೆ ಲೀಟರ್ ಸುರಿದರೆ ಒಟ್ಟಿನಲ್ಲಿ ಗ್ಲೈಕಾಲ್ ಶೇ. 31ಕ್ಕೆ ಇಳಿಯುತ್ತದೆ. ರೆಡಿಮಿಕ್ಸೇ ಶೇ. 33ರದ್ದಾಗಿದ್ದರೆ ಉಳಿಯುವುದು ಶೇ. 21. ಗ್ಲೈಕಾಲ್ ಜೊತೆಗೆ ತುಕ್ಕು ತಡೆಯುವ ರಾಸಾಯನಿಕವೂ ಅಷ್ಟೇ ತೆಳುವಾಗುತ್ತದೆ. ಆದ್ದರಿಂದ ಗ್ಯಾಸ್ಕೆಟ್ ಕೆಲಸದ ನಂತರ ಬೇಕಾದದ್ದು ರೆಡಿಮಿಕ್ಸ್ ಅಲ್ಲ, ಕಾನ್ಸಂಟ್ರೇಟ್. ಎರಡು ಲೀಟರ್ ಕಾನ್ಸಂಟ್ರೇಟ್, ಅರ್ಧ ಲೀಟರ್ ಬ್ಯಾಟರಿ ನೀರು ಹಾಕಿ. ಒಳಗಿನ ಒಂದೂವರೆ ಲೀಟರ್ ಸೇರಿ ಅರ್ಧಕ್ಕರ್ಧ ಆಗುತ್ತದೆ. ಕೊನೆಯ ಸುತ್ತು ತೊಳೆಯುವುದಕ್ಕೂ ಬ್ಯಾಟರಿ ನೀರೇ ಇರಲಿ, ಯಾಕೆಂದರೆ ಒಳಗೆ ಉಳಿಯುವುದು ಅದೇ. ಅಡುಗೆಮನೆಯ ಆರ್‌ಒ ನೀರು ಅದಕ್ಕೆ ಸಮವಲ್ಲ, ಅದರಲ್ಲಿ ಲವಣ ಒಂದಿಷ್ಟು ಉಳಿದಿರುತ್ತದೆ. ಹಾಗೆಂದು ನೀರೇ ಇಲ್ಲದೆ ಬರೀ ಕಾನ್ಸಂಟ್ರೇಟ್ ತುಂಬುವುದೂ ತಪ್ಪು. ಬಿಸಿ ಹೊತ್ತೊಯ್ಯುವುದರಲ್ಲಿ ನೀರಿಗೆ ಗ್ಲೈಕಾಲ್ ಸಾಟಿಯಲ್ಲ.

ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಡಿ. ಪುಣೆಯಲ್ಲಿ ಹೀಟರ್ ಹಾಕುವವರು ಕಡಿಮೆ, ಅದರೊಳಗೆ ಹಳೆಯ ಕೆಸರು ನಿಂತಿರುತ್ತದೆ, ಗಾಳಿಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಳಿ ಹೋಗದಿದ್ದರೆ ಹೊಸ ಗ್ಯಾಸ್ಕೆಟ್ ಮತ್ತೆ ಸುಟ್ಟೀತು. ಥರ್ಮೋಸ್ಟಾಟ್ ಕಿತ್ತುಹಾಕಿ ‘ಇನ್ನು ಹೀಟೇ ಆಗಂಗಿಲ್ಲ’ ಎನ್ನುವ ಗ್ಯಾರೇಜಿಗೆ ಮತ್ತೆ ಹೋಗಬೇಡಿ. ಲಾರಿ ಡ್ರೈವರುಗಳು ಸೋರುವ ರೇಡಿಯೇಟರಿಗೆ ಅರಿಶಿನ ಹಾಕುವುದು ದಾರಿಯಲ್ಲಿ ಸಿಕ್ಕಿಬಿದ್ದಾಗಿನ ಉಪಾಯ. ಹೊಸ ಗ್ಯಾಸ್ಕೆಟ್ ಹಾಕಿದ ಇಂಜಿನ್ನಿಗೆ ಸೋರಿಕೆ ನಿಲ್ಲಿಸುವ ಯಾವ ಪುಡಿಯೂ ಬೇಡ. ಗಾಡಿ ವಾಪಸ್ ತೆಗೆದುಕೊಳ್ಳುವ ಮೊದಲು ನೀಲಿ ದ್ರವದ ಪರೀಕ್ಷೆ ಮಾಡಿಸಿ; ರೇಡಿಯೇಟರಿನ ಬಾಯಿಂದ ಬರುವ ಗಾಳಿಗೆ ಆ ದ್ರವ ಹಳದಿಗೆ ತಿರುಗಿದರೆ ಇಂಜಿನ್ನಿನ ಹೊಗೆ ಇನ್ನೂ ನೀರಿಗೆ ನುಗ್ಗುತ್ತಿದೆ ಎಂದರ್ಥ.

ಹಳೆಯ ಕೂಲೆಂಟನ್ನು ಚರಂಡಿಗೆ ಚೆಲ್ಲುವುದು ಇಲ್ಲಿ ಮಾಮೂಲು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಬೀದಿನಾಯಿ ನೆಕ್ಕುತ್ತದೆ, ಮಗು ಬೆರಳು ಅದ್ದಿ ಬಾಯಿಗಿಡುತ್ತದೆ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ, ಜೀವ ತೆಗೆಯುತ್ತದೆ. ಸುಟ್ಟ ಆಯಿಲ್ ಕೊಳ್ಳುವವರು ಇರುವುದರಿಂದ ಅದನ್ನು ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಕೂಲೆಂಟಿಗೆ ಬೆಲೆ ಇಲ್ಲ, ಅದಕ್ಕೇ ಮುಠಾ ನದಿಯ ಪಾಲು. ಪುಣೆ ಮತ್ತು ಪಿಂಪ್ರಿ-ಚಿಂಚವಡ ಪಾಲಿಕೆಗಳು ಗ್ಯಾರೇಜುಗಳಿಂದ ಇದನ್ನೂ ಸಂಗ್ರಹಿಸುವ ಏರ್ಪಾಡು ಮಾಡಬೇಕು.

ಗ್ಯಾರೇಜಿನವರಲ್ಲಿ ನನ್ನ ಬೇಡಿಕೆ ಸಣ್ಣದು. ಹೆಡ್ ಬೋಲ್ಟಿನ ಲೆಕ್ಕವನ್ನೂ ಬರೆಯುವ ಬಿಲ್ಲಿನಲ್ಲಿ ‘ಕೂಲೆಂಟ್ – 400’ ಎಂದಷ್ಟೇ ಗೀಚಬೇಡಿ. ಯಾವ ಮಾನಕದ್ದು, ಕಾನ್ಸಂಟ್ರೇಟ್ ಎಷ್ಟು ಲೀಟರ್, ನೀರು ಯಾವುದು, ಎಷ್ಟು, ಎಂದು ಬರೆದು ಕೆಳಗೆ ತಾರೀಖು, ಕಿಲೋಮೀಟರ್ ನಮೂದಿಸಿ. ಮುಂದಿನ ಸಲ ಟಾಪ್‌ಅಪ್ ಮಾಡುವವನು, ಅದು ಕೊಲ್ಹಾಪುರದವನಿರಲಿ ಹುಬ್ಬಳ್ಳಿಯವನಿರಲಿ, ಆ ಚೀಟಿ ನೋಡಿ ಅದನ್ನೇ ಹಾಕಲಿ. ಗಿರಾಕಿಗಳೇ, ಅದನ್ನು ಬರೆದುಕೊಡದ ಗ್ಯಾರೇಜಿಗೆ ಆ ನಾನೂರು ರೂಪಾಯಿ ಕೊಡಬೇಡಿ. ಕ್ಯಾನನ್ನು ನೀವೇ ಕೊಂಡು ತಂದು, ಎದುರಿಗೆ ನಿಂತು ಹಾಕಿಸಿಕೊಳ್ಳಿ.