ಬೆರಳಿನ ಬಾವು ಕಂಡೀತು, ಎದಿ ಯಾರು ನೋಡ್ತಾರ?

ಸಂಧಿವಾತದ ಹೆಣ್ಮಕ್ಕಳ ಎದೀ ಕಡೆ ಯಾರೂ ಲಕ್ಷ್ಯ ಕೊಡಂಗಿಲ್ಲ ಅನ್ನೋದು ನನ್ನ ತಕರಾರು. ನಿಮ್ಮ ಮನ್ಯಾಗೂ ಹಂಗೇ ಏನೋ, ನೋಡ್ರಿ.

ಹೋದ ವರ್ಷ ನಮ್ಮ ಭಾವನವರು ‘ಫುಲ್ ಬಾಡಿ ಚೆಕಪ್’ ಮಾಡಿಸಿದ್ರು. ಎಚ್‌ಎಸ್-ಸಿಆರ್‌ಪಿ 14 ಬಂತು, ಪಕ್ಕದಾಗ ಕೆಂಪು ಗೆರಿ. ಮನೀಮಂದಿಗೆಲ್ಲಾ ನಿದ್ದಿ ಇಲ್ಲ. ಆ ವಾರ ಅವರಿಗೆ ಜ್ವರ, ಕೆಮ್ಮು ಇತ್ತಲ್ಲರಿ! ಮೂರು ವಾರ ಬಿಟ್ಟು ಮಾಡಿಸಿದ್ರ 1.6.

ಸಿಆರ್‌ಪಿ ಅಂದ್ರ ಮೈಯಾಗ ಎಲ್ಲೇ ಉರಿಯೂತ ಇದ್ರೂ ಲಿವರ್ ತಯಾರಿಸೋ ಒಂದು ಪ್ರೋಟೀನು. 1930ರಾಗ ನ್ಯುಮೋನಿಯಾ ರೋಗಿಗಳ ರಕ್ತದಾಗ ಮೊದಲ ಕಂಡದ್ದು. ಹೃದಯದ ರಕ್ತನಾಳದ ಗೋಡಿಗೆ ಕೊಬ್ಬು ಕೂತು ಉರಿಯೂತ ಆದಾಗ ಸ್ವಲ್ಪೇ ಏರಬಹುದು. ಅದನ್ನ ಹಿಡೀಲಿಕ್ಕೇ ಈ ಎಚ್‌ಎಸ್ ಪರೀಕ್ಷಾ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರ ಅಪಾಯ ಕಡಿಮಿ, 3 ದಾಟಿದ್ರ ಹೆಚ್ಚು. 10ರ ಮ್ಯಾಲ ಹೋದ್ರ ಮೊದಲ ಸೋಂಕು-ಗೀಂಕು ಹುಡುಕಬೇಕು, ಆರಾಮಾದ ಮ್ಯಾಲ ಮತ್ತ ನೋಡಬೇಕು. ಓಣ್ಯಾಗ ಹೊಗಿ ಕಂಡ್ರ ಯಾರ ಮನೀ ಒಲಿ ಅಂತ ಹೇಳಲಿಕ್ಕೆ ಆಗ್ತದೇನು? ಇದೂ ಹಂಗ.

ಅದೇ ಮನ್ಯಾಗ ನಮ್ಮ ಹಿರೇ ನೆಗೆಣ್ಣಿಗೆ ಹನ್ನೊಂದು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಅವರ ಸಿಆರ್‌ಪಿ 20, 30 ಬರ್ತಿತ್ತು. ಒಬ್ಬರೂ ಗಾಬರಿ ಆಗಲಿಲ್ಲ. ‘ಬೆರಳು ಬಾತಾವ, ಅದಕ್ಕ’ ಅಂದು ರಿಪೋರ್ಟ್ ಮಡಚಿ ಇಟ್ರು. ಖರೇ ಅಂದ್ರ ಈ ಬ್ಯಾನಿ ಬರೇ ಕೀಲು ಹಿಡಕೊಂಡು ಕೂಡೋದಲ್ಲ. ವರ್ಷಾನುಗಟ್ಟಲೆ ಉರಿಯೂತ ಇದ್ರ ರಕ್ತನಾಳಕ್ಕೂ ಪೆಟ್ಟು. ವಯಸ್ಸು, ಬಿಪಿ, ಕೊಲೆಸ್ಟ್ರಾಲ್ ನೋಡಿ ಲೆಕ್ಕ ಹಾಕಿದ ಹೃದಯದ ಅಪಾಯವನ್ನ ಇಂಥವರಿಗೆ ಒಂದೂವರೆ ಪಟ್ಟು ಮಾಡ್ರಿ ಅಂತ ಯುರೋಪಿನ ಸಂಧಿವಾತ ವೈದ್ಯರ ಸಂಘ ಯುಲಾರ್ ಹೇಳ್ತದ. ಐದು ವರ್ಷಕ್ಕೊಮ್ಮೆಯಾದ್ರೂ ಆ ಲೆಕ್ಕ ಆಗಬೇಕಂತ. ಈ ಬ್ಯಾನಿ ಗಂಡಸರಿಗಿಂತ ಹೆಣ್ಮಕ್ಕಳಿಗೇ ಎರಡು-ಮೂರು ಪಟ್ಟು ಜಾಸ್ತಿ ಅನ್ನೋದೂ ನೆನಪಿರಲಿ.

ಇನ್ನೊಂದು ಮಾತು. ಬಾವು ಜೋರಿದ್ದಾಗ ಕೊಲೆಸ್ಟ್ರಾಲ್ ಇದ್ದದ್ದಕ್ಕಿಂತ ಕಡಿಮಿ ಕಾಣಸ್ತದ. ‘ಕೊಲೆಸ್ಟ್ರಾಲ್ ಛಲೋ ಅದ’ ಅಂತ ಖುಷಿಪಡೋ ಹಂಗಿಲ್ಲ; ಬ್ಯಾನಿ ಹತೋಟಿಗೆ ಬಂದಾಗ ಮಾಡಿಸಬೇಕು.

ಅದಕ್ಕ ನಾನು ಅನ್ನೋದು: ಗಟ್ಟಿಮುಟ್ಟಾದ ಗಂಡಸರ ಪ್ಯಾಕೇಜಿಗೆ ಸಾವಿರಗಟ್ಟಲೆ ಸುರಿಯೋ ಮೊದಲ, ಬೆರಳು ಸೊಟ್ಟಾದ್ರೂ ಹಿಟ್ಟು ನಾದೋ ಹೆಣ್ಮಗಳ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಸ್ರಿ. ಕೀಲಿನ ಡಾಕ್ಟರಿಗೆ ‘ಹೃದಯದ ಲೆಕ್ಕ ಹಾಕೀರೇನ್ರಿ?’ ಅಂತ ಬಾಯಿಬಿಟ್ಟು ಕೇಳ್ರಿ. ಮೆಡಿಕಲ್ ಅಂಗಡ್ಯಾಗ ಚೀಟಿ ಇಲ್ಲದ ತಂದು ನುಂಗೋ ನೋವಿನ ಗುಳಿಗಿಗಳ ಹೆಸರೂ ಹೇಳ್ರಿ, ಅವುಗಳಾಗ ಭಾಳಷ್ಟು ಬಿಪಿ ಏರಸ್ತಾವ. ನಮ್ಮ ನೆಗೆಣ್ಣಿ ಬಿಪಿ ನೋಡಿಸಿದಾಗ 156/94 ಇತ್ತು. ಎಷ್ಟು ವರ್ಷದಿಂದ ಹಂಗಿತ್ತೋ, ಆ ಮಡಚಿಟ್ಟ ರಿಪೋರ್ಟಿನಾಗ ಒಂದರಾಗೂ ಬರದಿಲ್ಲ.