ಕಡತವನ್ನು ತೆರೆಯುವವರು ಯಾರು?

ಕಂಪ್ಯೂಟರಿನಲ್ಲಿ ಒಂದು ಕಡತದ ಮೇಲೆ ಎರಡು ಬಾರಿ ಒತ್ತಿದೊಡನೆ ಅದು ತೆರೆದುಕೊಳ್ಳುತ್ತದೆ. ಅದನ್ನು ತೆರೆದ ತಂತ್ರಾಂಶ ಯಾವುದು, ಆ ಕೆಲಸಕ್ಕೆ ಅದನ್ನು ನೇಮಿಸಿದವರಾರು ಎಂಬ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಹೊಳೆಯುವುದೇ ಇಲ್ಲ. ಹೊಳೆದರೂ ಕ್ಷುಲ್ಲಕವೆಂದು ಬಿಟ್ಟುಬಿಡುತ್ತೇವೆ. ಕ್ಷುಲ್ಲಕವಲ್ಲವೆಂಬುದೇ ನನ್ನ ವಾದ.

ಕಡತದ ಹೆಸರಿನ ತುದಿಯಲ್ಲಿ, ಚುಕ್ಕೆಯ ಮುಂದೆ, ಬಾಲದಂತೆ ಕೆಲವು ಅಕ್ಷರಗಳಿರುತ್ತವೆ: ಟಿಎಕ್ಸ್‌ಟಿ, ಪಿಡಿಎಫ್ ಇತ್ಯಾದಿ. ವಿಂಡೋಸ್ ಕಡತದ ಒಳಗನ್ನು ಪರೀಕ್ಷಿಸುವ ಗೊಡವೆಗೆ ಹೋಗುವುದಿಲ್ಲ. ಬಾಲವನ್ನು ನೋಡುತ್ತದೆ, ತನ್ನ ಪಟ್ಟಿಯಲ್ಲಿ ಅದರೆದುರಿಗೆ ಯಾರ ಹೆಸರಿದೆಯೋ ಆ ತಂತ್ರಾಂಶವನ್ನು ಕರೆಯುತ್ತದೆ.

ಈ ಪಟ್ಟಿಯ ಮಹತ್ವ ಲೋಕಕ್ಕೆ ತಿಳಿದದ್ದು 2000ನೆಯ ಇಸವಿಯ ಮೇ ತಿಂಗಳಿನಲ್ಲಿ. ಫಿಲಿಪೈನ್ಸಿನಿಂದ ಹೊರಟ ಒಂದು ಮಿಂಚಂಚೆ ‘ಐ ಲವ್ ಯೂ’ ಎಂಬ ತಲೆಬರಹ ಹೊತ್ತು ದೇಶದೇಶಗಳನ್ನು ಸುತ್ತಿತು. ಜೊತೆಗಿದ್ದ ಕಡತಕ್ಕೆ ಪ್ರೇಮಪತ್ರವೆಂಬ ಹೆಸರು. ಸಾದಾ ಬರಹವನ್ನು ಸೂಚಿಸುವ ಟಿಎಕ್ಸ್‌ಟಿ ಎಂಬ ಬಾಲ. ಆದರೆ ಅದರಾಚೆಗೆ ಇನ್ನೊಂದು ಬಾಲವಿತ್ತು, ವಿಬಿಎಸ್ ಎಂದು. ನಿಜವಾದ ಬಾಲ ಅದೇ. ತಾನು ಬಲ್ಲ ಬಾಲಗಳನ್ನು ಮರೆಮಾಡುವುದು ವಿಂಡೋಸಿನ ರೂಢಿಯಾದುದರಿಂದ ಅದು ಅನೇಕರ ಕಣ್ಣಿಗೆ ಬೀಳಲಿಲ್ಲ. ವಿಬಿಎಸ್ ಕಡತದೊಳಗಿರುವುದು ಯಂತ್ರಕ್ಕೆ ಕೊಡುವ ಆಜ್ಞೆಗಳು. ಪಟ್ಟಿಯಲ್ಲಿ ಅದರೆದುರಿಗಿದ್ದುದು ಆ ಆಜ್ಞೆಗಳನ್ನು ನೆರವೇರಿಸುವ ತಂತ್ರಾಂಶದ ಹೆಸರು. ಜನ ಓದಲೆಂದು ಒತ್ತಿದರು. ಯಂತ್ರ ಪಾಲಿಸಲೆಂದು ತೆರೆಯಿತು. ಇಟ್ಟುಕೊಂಡಿದ್ದ ಚಿತ್ರಗಳು ನಾಶವಾದವು, ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಪ್ರೇಮಪತ್ರ ರವಾನೆಯಾಯಿತು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ತನ್ನ ಮಿಂಚಂಚೆ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು.

ಇಂಥ ಕೇಡಿಗೆ ಬಲ್ಲವರು ಹೇಳಿದ ಉಪಾಯಗಳಲ್ಲಿ ಒಂದು ಬಹು ಸರಳವಾದುದು: ವಿಬಿಎಸ್ ಎದುರಿಗೆ ನೋಟ್‌ಪ್ಯಾಡಿನ ಹೆಸರು ಬರೆಯುವುದು. ನೋಟ್‌ಪ್ಯಾಡು ಬಡಪಾಯಿ, ಆಜ್ಞೆ ಪಾಲಿಸಲು ಅದಕ್ಕೆ ಬಾರದು. ಕಂಡದ್ದನ್ನು ಅಕ್ಷರಗಳಾಗಿ ತೋರಿಸಿ ಸುಮ್ಮನಾಗುತ್ತದೆ. ಕಡತದಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ವಿಷ ಮಾತ್ರ ನಿರ್ವೀರ್ಯವಾಯಿತು!

ಇಷ್ಟು ಬಲವುಳ್ಳ ಪಟ್ಟಿ ಯಾರ ಕೈಯಲ್ಲಿರಬೇಕು? ಯಂತ್ರದ ಒಡೆಯನ ಕೈಯಲ್ಲೆಂದು ನಾನು ಹೇಳುತ್ತೇನೆ. 2021ರಲ್ಲಿ ವಿಂಡೋಸ್ 11 ಬಂದಾಗ, ಬ್ರೌಸರು ಬದಲಿಸಬಯಸಿದವನು ಒಂದೊಂದು ಬಾಲದೆದುರಿಗೂ ಬೇರೆಬೇರೆಯಾಗಿ ಹೆಸರು ತಿದ್ದಬೇಕಾಗಿತ್ತು. ಆಕ್ಷೇಪಗಳೆದ್ದು, ಮರುವರ್ಷ ಒಂದೇ ಗುಂಡಿಯ ಅನುಕೂಲ ಬಂತು. ತಯಾರಕರ ಪಕ್ಷಕ್ಕೂ ಸಮಾಧಾನವುಂಟು: ಹೊರಗಿನ ತಂತ್ರಾಂಶಗಳು ಹೇಳದೆ ಕೇಳದೆ ಪಟ್ಟಿಯಲ್ಲಿ ತಮ್ಮ ಹೆಸರು ಬರೆದುಕೊಳ್ಳುತ್ತಿದ್ದ ಕಾಲವೂ ಇತ್ತು. ಒಪ್ಪೋಣ. ಆದರೆ ಕಳ್ಳನಿಗೆಂದು ಹಾಕಿದ ಬೀಗ ಮನೆಯೊಡೆಯನನ್ನೇ ಜಗಲಿಯಲ್ಲಿ ಕೂರಿಸಬಾರದಷ್ಟೆ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ಮರೆಮಾಚುವ ರೂಢಿ. ಅಷ್ಟೆಲ್ಲ ಆದಮೇಲೂ ವಿಂಡೋಸ್ 11 ಬಾಲಗಳನ್ನು ಬಚ್ಚಿಟ್ಟುಕೊಂಡೇ ನಮ್ಮ ಕೈಸೇರುತ್ತದೆ. ಕಾಣದ ಬಾಲಕ್ಕೆ ಯಾರನ್ನು ನೇಮಿಸುವುದು? ಶಾಲೆಗಳಲ್ಲಿ ಕಂಪ್ಯೂಟರು ಕಲಿಸುವ ಉಪಾಧ್ಯಾಯರು ಮೊದಲ ಪಾಠದಲ್ಲೇ ಇದನ್ನು ಹೇಳಿಕೊಡಬೇಕು. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ‘ಶೋ’ ಎಂಬುದರ ಕೆಳಗೆ ಬಾಲಗಳನ್ನು ತೋರಿಸುವ ಆಯ್ಕೆಯಿದೆ; ಒಮ್ಮೆ ಒತ್ತಿದರೆ ಸಾಕು. ಆಮೇಲೆ ಕಡತದ ಮೇಲೆ ಬಲಗುಂಡಿಯೊತ್ತಿ, ‘ಓಪನ್ ವಿತ್’ ಎಂಬಲ್ಲಿ ಬೇರೆ ತಂತ್ರಾಂಶವನ್ನು ಆರಿಸಿ, ಸದಾ ಇದೇ ಇರಲೆಂದು ಹುಡುಗರೇ ಗೊತ್ತುಮಾಡಲಿ.